ಒಲೆಗೂ ಕರೆಂಟು ಬೇಕಂತೆ!

ಒಲೆ ಉರಿಸಲು ಏನು ಮಹಾ ವಿದ್ಯೆ ಬೇಕು ಎನ್ನುವವರು ಅಮೆರಿಕದ ಮೇಯ್ನ್ ರಾಜ್ಯದ ಚಳಿಗಾಲ ನೋಡಬೇಕು. ಅಲ್ಲಿ ಮನೆ ಬೆಚ್ಚಗಿಡುವ ಒಲೆಗೆಂದು ಮರದ ಹೊಟ್ಟನ್ನು ಒತ್ತಿ, ಸುಮಾರು 6 ಮಿಲಿಮೀಟರ್ ದಪ್ಪದ ಗುಳಿಗೆ ಮಾಡಿ, 40 ಪೌಂಡಿನ ಚೀಲಗಳಲ್ಲಿ ಮಾರುತ್ತಾರೆ. ಅದೇ ಪೆಲೆಟ್. ನೋಡಲು ಥೇಟ್ ಪಶು ಆಹಾರ. ನಮ್ಮೂರ ಎಮ್ಮೆ ಕಂಡರೆ ಬಾಯಿ ಹಾಕದೆ ಬಿಡದು. ಅಂಟೂ ಬೇಡ, ಗೋಂದೂ ಬೇಡ. ಒತ್ತಡದ ಬಿಸಿಗೆ ಮರದೊಳಗಿನ ಲಿಗ್ನಿನ್ ಎಂಬ ಅಂಶವೇ ಮೆತ್ತಗಾಗಿ ಹಿಡಿದುಕೊಳ್ಳುತ್ತದೆ. ನೀರು ಬಿದ್ದರೆ ಮಾತ್ರ ಉಬ್ಬಿ ಮತ್ತೆ ಹೊಟ್ಟು!

ಇದಕ್ಕೆಂದೇ ಮಾಡಿದ ಒಲೆಯ ವೈಭವ ಕೇಳಬೇಡಿ. ತಿರುಗುವ ತಿರುಪು ಗುಳಿಗೆಗಳನ್ನು ಇಷ್ಟಿಷ್ಟೇ ಉರಿಗೆ ತಳ್ಳುತ್ತದೆ, ಫ್ಯಾನು ಗಾಳಿ ಊದುತ್ತದೆ. ಊದುಗೊಳವೆ ಹಿಡಿದು ಕಣ್ಣೀರು ಸುರಿಸಿದ ಅಜ್ಜಿಯರಿಗೆ ಈ ಭಾಗ್ಯವಿರಲಿಲ್ಲ. ಆದರೆ ಹಿಮಗಾಳಿಗೆ ಕರೆಂಟು ಹೋಯಿತೋ, ಬ್ಯಾಟರಿ ಇಲ್ಲದಿದ್ದರೆ ಒಲೆಯೂ ತಣ್ಣಗೆ. ಅಜ್ಜಿಯ ಒಲೆ ಯಾವ ಲೈನ್‌ಮ್ಯಾನಿಗೂ ಕಾದದ್ದಿಲ್ಲ.

ಕೆಲವು ಜಾಣರು ಅದೇ ಗುಳಿಗೆಯನ್ನು ಮಾಮೂಲಿ ಸೌದೆ ಒಲೆಗೆ ಸುರಿಯುತ್ತಾರೆ. ಗುಡ್ಡೆಯೊಳಗೆ ಗಾಳಿಯಾಡದೆ ಬರೀ ಹೊಗೆ. ಅದಕ್ಕೆಂದು ಉಕ್ಕಿನ ಜಾಲರಿ ಬುಟ್ಟಿಯೂ ಪೇಟೆಗೆ ಬಂದಿದೆ!

ನಮ್ಮವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಕೆಳಗೆ ಬಾಯಿ ಕೊರೆದ ತಗಡಿನ ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಮರದ ಹೊಟ್ಟು ಗಟ್ಟಿಯಾಗಿ ಜಡಿದು, ಬಾಟಲಿ ಎಳೆದುಬಿಟ್ಟರೆ ಆಯಿತು. ಉಳಿದ ತೂತೇ ಗಾಳಿಯ ದಾರಿ. ಗಂಟೆಗಟ್ಟಲೆ ಹದವಾದ ಉರಿ. ಪೆಲೆಟ್ ಕಂಪನಿಗಳ ಕಿವಿಗೆ ಇದು ಬೀಳದಿರಲಿ, ಖಾಲಿ ಬಾಟಲಿಗೂ ಪೇಟೆಂಟು ಮಾಡಿಸಿಬಿಟ್ಟಾರು!