ಮರಳುಗಾಡು ನೋಡಿ ಬಂದ ಸಾಹುಕಾರರು

ದಾವಣಗೆರೆಯ ಯಾವ ಬಡಾವಣೆಗೆ ಹೋದರೂ ಈಗ ಇಂಥವರೊಬ್ಬರು ಇದ್ದೇ ಇರುತ್ತಾರೆ. ಮಂಡಿಪೇಟೆಯಲ್ಲಿ ಆಯುಷ್ಯವೆಲ್ಲ ದಲ್ಲಾಳಿ ಅಂಗಡಿ ನಡೆಸಿದವರು, ಬಿಐಇಟಿಯಲ್ಲಿ ಓದಿದ ಮಗ ಗಲ್ಫಿನಲ್ಲಿ ಕೆಲಸ ಹಿಡಿದದ್ದರಿಂದ ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿ ಬಂದವರು. ಬಂದು ಎಷ್ಟು ಕಾಲವಾದರೂ ಪೂರ್ತಿ ಬಂದಿರುವುದಿಲ್ಲ. ಕುಂದುವಾಡ ಕೆರೆ ಏರಿಯ ಮೇಲೆ ಬೆಳಗಿನ ವಾಕಿಂಗಿನಲ್ಲಿ ಎದುರಾದರೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು, ನಡುವೆ ಸಾಹುಕಾರರು.

"ದುಬೈಗೆ ಹೋಗಿದ್ರಂತೆ?" ಎಂದು ಕೇಳಿದಿರೋ, ಕೆಟ್ಟಿರಿ. "ದುಬೈಗೆ ಎಲ್ರೂ ಹೋಗ್ತಾರ್ರೀ. ನಾವು ಹೋಗಿದ್ದು ರಾಸ್ ಅಲ್ ಖೈಮಾಕ್ಕೆ. ಅದು ಇನ್ನೂ ಆಚೆ ಐತಿ." ಆಚೆ ಇರುವುದೇನೋ ನಿಜ. ಯುಎಇಯ ಏಳು ಎಮಿರೇಟುಗಳಲ್ಲಿ ಉತ್ತರದ ಕೊನೆಯದು. ಎದುರಿಗೆ ಕಡಲು, ಒಂದು ಮಗ್ಗುಲಿಗೆ ಮರಳು, ಬೆನ್ನಿಗೆ ಜಬಲ್ ಜೈಸ್ ಎಂಬ ಬೋಳು ಬೆಟ್ಟ.

ಮೊದಲು ಮರಳಿನ ದಿಬ್ಬದ ಕತೆ. ದಿಬ್ಬ ಹತ್ತಿಸುವ ಮುಂಚೆ ಡ್ರೈವರು ಗಾಡಿ ನಿಲ್ಲಿಸಿ ನಾಲ್ಕೂ ಟೈರಿನ ಗಾಳಿ ಬಿಡತೊಡಗಿದನಂತೆ. ಗಾಳಿ ಕಮ್ಮಿಯಾದರೆ ಟೈರು ಅಗಲವಾಗಿ ಹರಡಿಕೊಂಡು ಮರಳಿನಲ್ಲಿ ಹೂತುಕೊಳ್ಳುವುದಿಲ್ಲ. ಅಲ್ಲಿ ಎಲ್ಲರೂ ಮಾಡುವುದು ಅದನ್ನೇ. ಸಾಹುಕಾರರಿಗೆ ಮಾತ್ರ ಅದು ಲಾರಿ ಡ್ರೈವರುಗಳ ಹಳೇ ಆಟದ ಹಾಗೆ ಕಂಡಿದೆ. "ಪಂಚರ್ ಅಂತ ಹೇಳಿ ಕಾಸು ಕೇಳ್ತಾನೆ ನೋಡು" ಎಂದು ಮಗನಿಗೆ ಎಚ್ಚರಿಸಿ ಕೂತವರು, ಮೂರನೇ ದಿಬ್ಬ ಇಳಿಯುವ ಹೊತ್ತಿಗೆ ಕಾಸು ಕೊಟ್ಟಾದರೂ ನಿಲ್ಲಿಸು ಅನ್ನುವ ಸ್ಥಿತಿಗೆ ಬಂದಿದ್ದರು. ಈ ಕೊನೆಯ ಭಾಗ ಅವರು ಹೇಳಿದ್ದಲ್ಲ. ಮನೆಯ ಅಮ್ಮಾವ್ರು ಹೇಳಿದ್ದು.

ಅಮ್ಮಾವ್ರು ಹರಿಹರದವರು. ಇದು ಮುಖ್ಯ. 1224ರಲ್ಲಿ ಹೊಯ್ಸಳರ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿ, ಅದರ ಹಿಂದೆ ತುಂಗಭದ್ರೆ, ಆಚೆ 1868ರ 14 ಕಮಾನಿನ ಸೇತುವೆ: ಅವರು ಲಂಗ ಸಿಕ್ಕಿಸಿ ಹೊಳೆಗೆ ಹಾರುತ್ತಿದ್ದ ಕಾಲದ ಭೂಗೋಳ ಅಷ್ಟೇ. ಹಾಗಾಗಿ ಜಬಲ್ ಜೈಸಿನ ತಂತಿ ಹಾರಾಟದ, ಅಂದರೆ ಜಿಪ್‌ಲೈನಿನ, ವಿಷಯ ಬಂದಾಗ ಅವರು ಅಡುಗೆಮನೆಯಿಂದ ಕಿವಿ ಇಟ್ಟೇ ಇರುತ್ತಾರೆ.

"2.83 ಕಿಲೋಮೀಟರ್ ತಂತಿ ನೋಡ್ರಿ. 2018ರಾಗೆ ಗಿನ್ನೆಸ್ ದಾಖಲೆ ಆತು. ಹೊಟ್ಟೆ ಕೆಳಗೆ ಮಾಡಿ ಮಲಗಿಸ್ತಾರೆ, ತಲೆ ಮುಂದೆ, ಬಿಟ್ರೂ ಅಂದ್ರೆ ನಾವು ಹಕ್ಕಿ ಆದಂಗೆ..."

"ಹಾರಿದ್ದು ನಾನು," ಒಳಗಿನಿಂದ ದನಿ ಬರುತ್ತದೆ. "ಸೊಸೆ ಚೂಡಿದಾರ, ಸೊಸೆ ಬೂಟು ಹಾಕ್ಕಂಡು. ಇವರು ನನ್ನ ಚಪ್ಲಿ ಹಿಡ್ಕಂಡು ನಿಂತಿದ್ರು."

ಸಾಹುಕಾರರು ಹಿಂದೆ ಸರಿದದ್ದಕ್ಕೆ ಕಾರಣ ಹೆದರಿಕೆಯಲ್ಲ, ವ್ಯಾಪಾರಧರ್ಮ. ಜೀವಮಾನವೆಲ್ಲ ಮೆಕ್ಕೆಜೋಳದ ಚೀಲ ತೂಗಿಸಿದವರನ್ನು ಅಲ್ಲಿ ತಕ್ಕಡಿ ಮೇಲೆ ನಿಲ್ಲಿಸಿದರು. ಚೀಲದ ತೂಕ ಕಳೆಯುವ ಹಾಗೆ ಹೆಲ್ಮೆಟ್ಟು, ಪಟ್ಟಿಗೆ ಸೂಟು ಎಷ್ಟು ಮುರಿಯುತ್ತೀರಿ ಎಂದು ಇವರು ಕೇಳಿದರೆ ಉತ್ತರ ಕೊಡುವವರಿಲ್ಲ. ಮೇಲೆ ಒಂದು ಕಾಗದಕ್ಕೆ ಸಹಿ ಬೇರೆ. ಓದದೆ ಸಹಿ ಹಾಕುವ ವಂಶವಲ್ಲ. ಕನ್ನಡಕ ಹಾಕಿ ಓದಿ ಮುಗಿಸುವುದರೊಳಗೆ ಅಮ್ಮಾವ್ರು ಕಣಿವೆ ದಾಟಿ, ವಾಪಸು ಬಂದು, ಚಪ್ಪಲಿ ಕೇಳುತ್ತಿದ್ದರು.

ಇನ್ನು ತಿಂಡಿ. ಇಲ್ಲಿ ಸಾಹುಕಾರರೇ ನಾಯಕರು, ಯಾರೂ ತಿದ್ದುವ ಹಾಗಿಲ್ಲ. ಕಡಲ ದಂಡೆಯಲ್ಲಿ ಹೆಂಗಸೊಬ್ಬಳು ದುಂಡು ಕಾವಲಿಯ ಮೇಲೆ ಹಿಟ್ಟನ್ನು ಬರಿಗೈಯಲ್ಲೇ ಸವರುತ್ತಿದ್ದಳು. ಅದು ರಗಾಗ್, ತೆಳ್ಳನೆಯ ಗರಿಗರಿ ರೊಟ್ಟಿ. ಮೊಟ್ಟೆ, ಚೀಸು, ಹುಳಿ ಬರಿಸಿದ ಮೀನಿನ ರಸ ಸವರಿ ತಿನ್ನುವುದು ಅಲ್ಲಿನ ರೂಢಿ. ಮೂರನ್ನೂ ಬೇಡವೆಂದು ಕೈಸನ್ನೆ ಮಾಡಿದ ಮೇಲೆ ಇವರಿಗೆ ಉಳಿದದ್ದು ಖಾಲಿ. "ಬೆಣ್ಣೆ ಹಾಕವ್ವ" ಅಂದರು. ಅವಳು ನಕ್ಕಳು. "ಹಿಟ್ಟಿಗೆ ಮಂಡಕ್ಕಿ ಹಾಕಿ ರುಬ್ಬಿಲ್ಲ, ಮೆತ್ತಗೆ ಎಲ್ಲಿಂದ ಬರ್ಬೇಕು?" ಅಂದರು. ಅದಕ್ಕೂ ನಕ್ಕಳು. ಬೆಣ್ಣೆದೋಸೆಯ ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿ ಬೀಳುವುದು ಕಡಲಾಚೆಗೂ ಗೊತ್ತಿರಬೇಕು ಎನ್ನುವುದು ಸಾಹುಕಾರರ ನಂಬಿಕೆ.

"ಎಲ್ಲಾ ನಮ್ಮ ದಾವಣಗೆರೆ ನೀರಿನ ಗುಣ ಕಣ್ರೀ" ಎಂಬುದು ಅವರ ತೀರ್ಪು. ಹಾಗೆ ನೋಡಿದರೆ ಊರಿನವರೇ ಹೇಳುವ ಕತೆಯಲ್ಲಿ ದೋಸೆಯೂ ಹೊರಗಿನಿಂದ ಬಂದದ್ದು. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬಾಕೆ ಮೊದಲು ಹುಯ್ಯುತ್ತಿದ್ದದ್ದು ರಾಗಿ ದೋಸೆ. ನೀರಿನ ಮಾತಿಗಂತೂ ಅಮ್ಮಾವ್ರ ಹತ್ತಿರ ಉತ್ತರ ತಯಾರಿದೆ: "ಆ ನೀರು ರಾಜನಹಳ್ಳಿಯಿಂದ ಪಂಪ್ ಮಾಡೋದು. ನಮ್ಮ ಹರಿಹರದ್ದು."

ಇಷ್ಟೆಲ್ಲ ಆದರೂ ಅವರ ದನಿ ನಿಜಕ್ಕೂ ನಡುಗುವುದು ಮರಳಿಗಲ್ಲ, ತಂತಿಗಲ್ಲ, ಗಸಗಸೆಗೆ. ಹೊರಡುವ ಹಿಂದಿನ ದಿನ ಮಗ ಫೋನು ಮಾಡಿ ಗಸಗಸೆ ಇರುವ ಯಾವುದನ್ನೂ ತರಬೇಡಿ ಎಂದ. ಅಫೀಮು ಗಿಡದ ಬೀಜವಾದ್ದರಿಂದ ಆ ದೇಶದಲ್ಲಿ ಅದು ಮಾದಕ ವಸ್ತುಗಳ ಪಟ್ಟಿಯಲ್ಲಿದೆ. ಇತ್ತ ಡಬ್ಬಿ ತುಂಬ ಕರ್ಜಿಕಾಯಿ, ಹೂರಣದ ತುಂಬ ಗಸಗಸೆ. ರಾತ್ರೋರಾತ್ರಿ ಬೀದಿಗೆಲ್ಲ ಹಂಚಿದರು. ಉಳಿದ ಜಾಗಕ್ಕೆ ಮಂಡಕ್ಕಿ ತುಂಬಿದರು. ವಿಮಾನದವರು ತೂಕ ಕೇಳುತ್ತಾರೆಯೇ ಹೊರತು ಗಾತ್ರ ಕೇಳುವುದಿಲ್ಲ ಎಂಬ ಲೆಕ್ಕ ದಲ್ಲಾಳಿಗೆ ಹೊಳೆಯದಿರುತ್ತದೆಯೆ? ಆದರೆ ಅಲ್ಲಿ ಇಳಿದು ಬ್ಯಾಗು ಯಂತ್ರದೊಳಗೆ ಹೋದಾಗ ನೆನಪಾದದ್ದು ಒಗ್ಗರಣೆ ಮಂಡಕ್ಕಿಯಲ್ಲಿದ್ದ ಸಾಸಿವೆ. ಕಪ್ಪಗೆ, ಸಣ್ಣಗೆ, ದುಂಡಗೆ. ಇದು ಅದಲ್ಲ ಅಂತ ಅರಬ್ಬಿಯಲ್ಲಿ ಹೇಗೆ ಹೇಳುವುದು? "ಹರಿಹರೇಶ್ವರಾ ಅಂದೆ ನೋಡ್ರಿ. ಹರಿಗೂ ಹರಕೆ ಹೊತ್ತೆ, ಹರನಿಗೂ ಹೊತ್ತೆ." ಯಾರೂ ಬ್ಯಾಗು ತೆಗೆಸಲಿಲ್ಲ. ಹರಕೆಯಲ್ಲಿ ಅರ್ಧ ಮುರಿದುಕೊಳ್ಳಬಹುದಿತ್ತು ಎಂದು ಆಮೇಲೆ ಅನ್ನಿಸಿತಂತೆ.

ಈಗ ನಮ್ಮ ಕಡೆ ಯಾರೇ ಗಲ್ಫಿಗೆ ಹೊರಟರೂ ಹಿಂದಿನ ಸಂಜೆ ಸಾಹುಕಾರರನ್ನು ಕರೆಸುತ್ತಾರೆ. ಕರೆಸದಿದ್ದರೂ ಬರುತ್ತಾರೆ. ಕುರ್ಚಿ ಎಳೆದು ಕೂತು ಒಂದೊಂದೇ ಡಬ್ಬಿ ತೆಗೆಸುತ್ತಾರೆ. ಶೇಂಗಾ ಚಟ್ನಿಪುಡಿ, ಹೋಗಲಿ. ಕಟಕಲು ರೊಟ್ಟಿ, ಹೋಗಲಿ. ಕರ್ಜಿಕಾಯಿ ಬಂತೋ, ಕನ್ನಡಕ ಏರುತ್ತದೆ. ಒಂದನ್ನು ಮುರಿದು ನೋಡುತ್ತಾರೆ, ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಾರೆ. ಸಂಶಯ ತೀರದೆ ಇನ್ನೊಂದು ಮುರಿಯುತ್ತಾರೆ. ಗಸಗಸೆ ಖಚಿತವಾದರೆ ಡಬ್ಬಿ ಅಲ್ಲೇ ಮುಟ್ಟುಗೋಲು. ಖಚಿತವಾಗದ ಡಬ್ಬಿಯನ್ನು ಹೆಚ್ಚಿನ ಪರೀಕ್ಷೆಗೆಂದು ಮನೆಗೆ ಒಯ್ಯುತ್ತಾರೆ.