ಅಡ್ಡಿ ಇಲ್ಲ

ಮದುವೆಯಾದ ಹೊಸತರಲ್ಲಿ ನಮ್ಮಮ್ಮ ಮಾಡಿದ ಹುರುಳಿಕಾಯಿ ಹುಳಿ ಉಂಡು, ‘ಹೇಗಿದೆಯಮ್ಮಾ?’ ಎಂದು ಕೇಳಿದ್ದಕ್ಕೆ ನನ್ನ ಹೆಂಡತಿ ‘ಅಡ್ಡಿ ಇಲ್ರಿ ಅತ್ತಿ’ ಅಂದಿದ್ದಳು. ಅವಳು ಧಾರವಾಡದವಳು. ಅಲ್ಲಿ ಅದು ಮೆಚ್ಚುಗೆ. ನಮ್ಮ ಮೈಸೂರಿನ ಕಿವಿಗೆ ಅದು ‘ಹೇಗೋ ನುಂಗಬಹುದು’ ಅಂದಂತೆ. ಅಮ್ಮ ಒಂದು ವಾರ ಹುಳಿ ಮಾಡಲಿಲ್ಲ, ಬರೀ ಸಾರು. ತನ್ನ ಹೊಗಳಿಕೆ ಸಾಲಲಿಲ್ಲವೇನೋ ಎಂದುಕೊಂಡು ಹೆಂಡತಿ ಪಾಪ, ಎಂಟನೆಯ ದಿನ ಸಾರಿಗೂ ‘ಅಡ್ಡಿ ಇಲ್ಲ’ ಅಂದಳು.

ಆ ಪ್ರಕರಣ ಮುಗಿದು ಹತ್ತೊಂಬತ್ತು ವರ್ಷವಾದ ಮೇಲೆ ನಮ್ಮ ಮನೆಯಲ್ಲಿ ಅದೇ ಜಗಳ ಮತ್ತೆ ಹುಟ್ಟಿತು. ಈ ಸಲ ಬಾಲದಲ್ಲಿ.

ಬೆಕ್ಕು ಮೊದಲಿನಿಂದಲೂ ಇತ್ತು. ಗೌರಿಹಬ್ಬದ ದಿನ ತಾನಾಗಿ ಬಂದದ್ದರಿಂದ ಅಮ್ಮ ಗೌರಿ ಎಂದೇ ಕರೆದರು. ಬಂದು ಆರು ವರ್ಷ. ನಾಯಿಯನ್ನು ತಂದವಳು ಮಗಳು, ಟ್ಯೂಷನ್ನಿನಿಂದ ಬರುವಾಗ, ಮಳೆಯಲ್ಲಿ, ಚೂಡಿದಾರದ ವೇಲಿನಲ್ಲಿ ಸುತ್ತಿಕೊಂಡು. ಮೂರು ತಿಂಗಳ ಬೀದಿಮರಿ. ಬೆಕ್ಕನ್ನು ಹುಲಿಯ ಚಿಕ್ಕಮ್ಮ ಅನ್ನುತ್ತಾರೆ. ಅಂಥ ಮನೆತನದವಳ ಎದುರಿಗೇ ಈ ಕಂತ್ರಿಮರಿಗೆ ಟೈಗರ್ ಎಂದು ಹೆಸರಿಟ್ಟರು. ಮುಂದಿನ ಅರ್ಧ ರಾದ್ಧಾಂತಕ್ಕೆ ಆ ನಾಮಕರಣವೇ ಕಾರಣ ಎಂಬುದು ನನ್ನ ಗುಮಾನಿ.

ನಾನು ಗುಮಾಸ್ತನಾಗಿ ಸೇರಿದವನು, ಸೀನಿಯಾರಿಟಿ ಪಟ್ಟಿ ನೋಡದೆ ಯಾವುದನ್ನೂ ತೀರ್ಮಾನಿಸುವವನಲ್ಲ. ಜರ್ಮನಿಯಲ್ಲಿ ಸುಮಾರು 14,000 ವರ್ಷ ಹಿಂದೆ ಮನುಷ್ಯರ ಜೊತೆ ಹೂತ ನಾಯಿ ಸಿಕ್ಕಿದೆ. ಸೈಪ್ರಸ್ಸಿನಲ್ಲಿ ಮನುಷ್ಯನ ಪಕ್ಕ ಹೂತ ಬೆಕ್ಕಿಗೆ ಸುಮಾರು 9,500 ವರ್ಷ. ಸೇವಾಹಿರಿತನ ನಾಯಿಯದೇ, ಅನುಮಾನವಿಲ್ಲ. ಆದರೆ ಈ ಕಡತ ಗೌರಿಯ ಮುಂದೆ ನಡೆಯಲಿಲ್ಲ. ಟೈಗರ್ ಬಂದ ರಾತ್ರಿಯೇ ಅವಳು ಅಡುಗೆಮನೆಯ ಸಜ್ಜ ಹತ್ತಿ, ಹಿತ್ತಾಳೆ ಕೊಳದಪ್ಪಲೆಯ ಮರೆಯಲ್ಲಿ ಕೂತು, ಎರಡು ದಿನ ಇಳಿಯಲಿಲ್ಲ.

‘ಇಳಿಸಬೇಡಿ’ ಅಂದರು ಪಶುವೈದ್ಯರು. ‘ಬೆಕ್ಕಿಗೆ ಎತ್ತರದಲ್ಲೊಂದು ಜಾಗ ಇದ್ದರೆ ಅರ್ಧ ಧೈರ್ಯ ಬಂದ ಹಾಗೆ.’ ಬೆಕ್ಕು ಹುಲಿಗೆ ಎಲ್ಲ ವಿದ್ಯೆ ಕಲಿಸಿ, ಮರ ಹತ್ತುವುದನ್ನು ಮಾತ್ರ ತನಗೇ ಉಳಿಸಿಕೊಂಡ ಕಥೆ ನೆನಪಾಯಿತು. ನಾಯಿಮರಿ ಹೊಸಬರನ್ನು ಒಪ್ಪಿಕೊಳ್ಳಲು ಕಲಿಯುವುದು ಹೆಚ್ಚಾಗಿ ಮೂರರಿಂದ ಹದಿನಾಲ್ಕು ವಾರದೊಳಗೆ, ಬೆಕ್ಕಿನಮರಿ ಎರಡರಿಂದ ಏಳು ವಾರದೊಳಗೆ ಎಂದೂ ಅವರು ಹೇಳಿದರು. ಟೈಗರಿನ ಅರ್ಜಿ ಕೊನೆಯ ದಿನಕ್ಕೆ ಬಂದಿತ್ತು. ಗೌರಿಯದು ಗಡುವು ಮೀರಿ ಆರು ವರ್ಷ.

ಆದರೂ ವೈದ್ಯರು ದಾರಿ ತೋರಿಸಿದರು. ಮುಖ ತೋರಿಸುವ ಮೊದಲು ವಾಸನೆ ಪರಿಚಯವಾಗಬೇಕು. ಒಬ್ಬರು ಮಲಗಿದ ಬಟ್ಟೆ ಇನ್ನೊಬ್ಬರ ಹತ್ತಿರ ಇಡಿ. ಗೌರಿ ಮಲಗುತ್ತಿದ್ದದ್ದು ಮಗಳ ಬಾಣಂತನದಲ್ಲಿ ನಮ್ಮತ್ತೆ ಕೈಯಾರೆ ಹೊಲಿದ ಪುಟ್ಟ ಕೌದಿಯ ಮೇಲೆ. ಹಳೆಯ ಇಳಕಲ್ ಸೀರೆಯ ತುಂಡು, ನಮ್ಮ ಮಾವನವರ ಪಂಚೆಯ ಅಂಚು, ಎಲ್ಲಾ ಸೇರಿದ ಕೌದಿ. ಅದನ್ನು ನಾಯಿಗೆ ಹಾಸಲು ಹೋದರೆ ಹೆಂಡತಿ ಅಡ್ಡ ನಿಂತಳು: ‘ಅಲ್ರೀ, ನಮ್ಮವ್ವನ ಕೌದಿನ ಬೇಕಿತ್ತೇನು ನಾಯಿಗೆ? ನಿಮ್ಮ ಟವೆಲ್ ಇಲ್ಲೇನು?’ ನನ್ನ ಟವೆಲ್ಲಿನಲ್ಲಿ ನನ್ನ ವಾಸನೆ ಮಾತ್ರ ಇದೆ, ಅದರ ಪರಿಚಯ ಇಬ್ಬರಿಗೂ ಆಗಿದೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಟೈಗರ್ ಕೌದಿಯ ಒಂದು ಮೂಲೆ ತಿಂದಿದ್ದ.

ಮುಂದಿನ ಹಂತ, ಮುಚ್ಚಿದ ಬಾಗಿಲಿನ ಆಚೆ ಒಬ್ಬರಿಗೆ, ಈಚೆ ಒಬ್ಬರಿಗೆ ಊಟ. ಪರರ ವಾಸನೆ ಬಂದಾಗಲೆಲ್ಲ ಹೊಟ್ಟೆ ತುಂಬುತ್ತದೆ ಎಂಬುದು ತಲೆಗೆ ಹೋಗಬೇಕಂತೆ. ನಮ್ಮ ಮದುವೆಮನೆಗಳಲ್ಲಿ ಬೀಗರನ್ನು ಮೊದಲು ಎಲೆಯ ಮುಂದೆ ಕೂರಿಸುವುದೂ ಇದೇ ತತ್ತ್ವದ ಮೇಲೆ ಇರಬಹುದು. ಗೌರಿಗೆ ಮೊಸರನ್ನ ಸಾಲದು, ಬೆಕ್ಕಿಗೆ ಮಾಂಸದಲ್ಲಿರುವ ಟಾರಿನ್ ಬೇಕೇ ಬೇಕು, ದೊಡ್ಡ ಬೆಕ್ಕುಗಳಿಗೆ ಹಾಲೂ ಸಾಮಾನ್ಯವಾಗಿ ಅರಗುವುದಿಲ್ಲ ಎಂದು ವೈದ್ಯರು ಅಂದದ್ದನ್ನು ನಾನು ಒಪ್ಪಿಸಿದೆ. ಅಮ್ಮ ಮುಖ ತಿರುವಿದರು. ‘ಹಾಲು ಬೇಡ ಅಂದ ಬೆಕ್ಕು ಲೋಕದಲ್ಲಿ ಒಂದೇ ಕಣೋ, ತೆನಾಲಿ ರಾಮಕೃಷ್ಣಂದು. ಅದಕ್ಕೂ ನಾಲಿಗೆ ಸುಟ್ಟಿತ್ತು.’ ಅಂತೂ ಬೆಕ್ಕಿನ ಪ್ಯಾಕೆಟ್ ಆಹಾರ ಬಂತು. ಬಾಗಿಲು ತೆರೆದ ದಿನವೇ ಅದನ್ನು ಟೈಗರ್ ಮುಗಿಸಿದ.

ಹನ್ನೆರಡನೆಯ ದಿನ ಮುಖಾಮುಖಿ. ಟೈಗರಿನ ಕೊರಳಿಗೆ ಬೆಲ್ಟು, ಬೆಲ್ಟಿಗೆ ಚೈನು, ಚೈನು ನನ್ನ ಕೈಲಿ. ಗೌರಿ ಊಟದ ಮೇಜಿನ ಮೇಲೆ. ಟೈಗರ್ ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಎತ್ತಿ, ಬಾಲ ಬೀಸಿದ. ಅವನ ಭಾಷೆಯಲ್ಲಿ ‘ಆಡೋಣ ಬಾ’. ಗೌರಿಯ ಬಾಲವೂ ಮೇಜಿನ ಮೇಲೆ ಪಟಪಟನೆ ಬಡಿಯತೊಡಗಿತು. ‘ನೋಡಪ್ಪಾ, ಅವಳಿಗೂ ಖುಷಿ!’ ಅಂದಳು ಮಗಳು. ಟೈಗರನೂ ಹಾಗೇ ತಿಳಿದ. ಬೆಕ್ಕಿನ ಬಾಲ ಹಾಗೆ ಬಡಿದರೆ ‘ಸಾಕು, ಅಲ್ಲೇ ನಿಲ್ಲು’ ಎಂದರ್ಥ. ಪ್ರೀತಿಯಿಂದ ಬರುವಾಗ ಅದು ಬಾಲವನ್ನು ನೆಟ್ಟಗೆ ಮೇಲೆತ್ತಿಕೊಂಡು ಬರುತ್ತದೆ. ಇದು ನನಗೆ ಗೊತ್ತಿತ್ತು, ಹೇಳಲು ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ಗೌರಿ ಮೂಗಿನ ತುದಿಗೆ ಒಂದು ಬಿಟ್ಟಳು. ಸಾಸಿವೆಯಷ್ಟು ರಕ್ತ. ಟೈಗರ್ ಅತ್ತದ್ದು ಮಾತ್ರ ಕೈಕಾಲು ಮುರಿದವನಂತೆ. ಹೆಂಡತಿ ಅವನನ್ನೆತ್ತಿ ಮಡಿಲಲ್ಲಿಟ್ಟುಕೊಂಡು ನಮ್ಮಮ್ಮನನ್ನು ನೋಡಿದಳು. ಅಮ್ಮ ಗೌರಿಯನ್ನೆತ್ತಿಕೊಂಡು ದೇವರಮನೆಗೆ ಹೋದರು. ಹುಳಿಯ ದಿನಗಳು ನನ್ನ ಕಣ್ಣ ಮುಂದೆ ಬಂದವು.

ಆಮೇಲೆ ಸುಮಾರು ಎರಡು ತಿಂಗಳು ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಟೈಗರ್ ಬೆಳೆದು ಗೌರಿಯ ಎರಡರಷ್ಟಾದ. ಆದರೂ ಅವಳು ನಡುಮನೆ ದಾಟುವಾಗ ಗೋಡೆಗೆ ಒರಗಿ ನಿಂತು ದಾರಿ ಬಿಡುತ್ತಿದ್ದ.

ಕಳೆದ ತಿಂಗಳು ಧಾರವಾಡದಿಂದ ನಮ್ಮ ಭಾವಮೈದುನ ಒಂದು ಕೇಜಿ ಪೇಡೆ ತಂದ. ನಾಯಿಗೆ ಸಿಗದಿರಲೆಂದು ಹೆಂಡತಿ ಅದನ್ನು ಸಜ್ಜದ ಮೇಲಿಟ್ಟಳು. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅಡುಗೆಮನೆಯಲ್ಲಿ ಧೊಪ್ಪೆಂದಿತು. ಹೋಗಿ ನೋಡಿದರೆ ಡಬ್ಬಿ ನೆಲದಲ್ಲಿ ಬಾಯಿ ತೆರೆದು ಬಿದ್ದಿದೆ. ಟೈಗರ್ ಮೂತಿಗೆಲ್ಲ ಸಕ್ಕರೆಪುಡಿ ಮೆತ್ತಿಕೊಂಡು ನುಂಗುತ್ತಿದ್ದಾನೆ. ಮೇಲೆ ಗೌರಿ, ಸಜ್ಜದ ಅಂಚಿನಲ್ಲಿ ಉಳಿದಿದ್ದ ಒಂದೇ ಪೇಡೆಯನ್ನು ಮುಂಗಾಲಿನಿಂದ ಮೆಲ್ಲಗೆ, ಬಹಳ ಮೆಲ್ಲಗೆ, ಅಂಚಿನಾಚೆಗೆ ತಳ್ಳುತ್ತಿದ್ದಾಳೆ. ಅದು ಬಿತ್ತು. ಅವನು ಹಿಡಿದ. ಅವಳು ಇಳಿದು ಬಂದು, ಬಾಲ ನೆಟ್ಟಗೆ ಎತ್ತಿಕೊಂಡು, ಅವನ ಮೂತಿ ಮೂಸಿ ನೋಡಿ, ಒಮ್ಮೆ ನೆಕ್ಕಿದಳು.

ಹೆಂಡತಿ ಕಣ್ಣರಳಿಸಿ ನಿಂತಿದ್ದಳು. ಪೇಡೆ ಹೋದ ಸಿಟ್ಟೂ ಇತ್ತು, ನಗುವೂ ಇತ್ತು. ‘ನೋಡಿದ್ರಿಲ್ಲೊ ಅತ್ತಿ, ಹೆಂಗ ಒಂದಾದ್ರು ಇಬ್ಬರೂ?’

ಅಮ್ಮ ಖಾಲಿ ಡಬ್ಬಿ ಎತ್ತಿ, ಒಳಗೊಮ್ಮೆ ಇಣುಕಿ, ‘ಅಡ್ಡಿ ಇಲ್ಲ’ ಅಂದರು.

ಮೈಸೂರಿನದೋ ಧಾರವಾಡದ್ದೋ ಎಂದು ನಾನು ಕೇಳಲು ಹೋಗಲಿಲ್ಲ. ಅಂದು ರಾತ್ರಿ ಊಟಕ್ಕೆ ಹುಳಿ ಇತ್ತು.