ನಿಶ್ಛಿದ್ರಭೀತಿ: ಒಂದು ಮುಂಬಯಿ ಮೀಮಾಂಸೆ

ತಾವರೆಯ ಬೀಜಕೋಶ ಕಂಡರೆ ಮೈ ಜುಮ್ಮೆನ್ನುವವರಿದ್ದಾರೆ. ಒತ್ತೊತ್ತಾಗಿ ಕೂತ ಸಣ್ಣ ತೂತುಗಳ ಮುಂದಿನ ಈ ಅಳುಕಿಗೆ ಟ್ರೈಪೋಫೋಬಿಯಾ ಎಂಬ ಹೆಸರು ಹುಟ್ಟಿದ್ದು 2005ರಲ್ಲಿ ಎನ್ನುತ್ತಾರೆ. 2013ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಜೆಫ್ ಕೋಲ್ ಮತ್ತು ಆರ್ನಾಲ್ಡ್ ವಿಲ್ಕಿನ್ಸ್ ಆ ಬೀಜಕೋಶದ ಚಿತ್ರವನ್ನು 286 ಜನರಿಗೆ ತೋರಿಸಿ, ಶೇ. 16ರಷ್ಟು ಮಂದಿಗೆ ಕಸಿವಿಸಿಯಾಯಿತೆಂದು ಬರೆದರು. ವಿಷಜಂತುಗಳ ಮೈಮೇಲಿನ ಗುರುತುಗಳನ್ನು ಈ ತೂತುಗಳು ಹೋಲುವುದೇ ಕಾರಣವಿರಬೇಕೆಂಬುದು ಅವರ ತರ್ಕ. ವಿದ್ವಾಂಸರ ಮೇಲೆ ಗೌರವವಿಟ್ಟುಕೊಂಡೇ ಹೇಳಬೇಕು, ಪರೀಕ್ಷೆಗೆ ಆರಿಸಿಕೊಂಡ ಊರು ಸರಿಯಿಲ್ಲ. ಮುಂಬಯಿಯ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಒಂದು ಬೆಳಗಿನ ನಾಷ್ಟಾ ಮುಗಿಸಿದ್ದರೆ, ಮನುಷ್ಯ ಹೆದರುವುದು ತೂತು ಇಲ್ಲದಿರುವುದಕ್ಕೆ ಎಂದು ತಿಳಿದುಹೋಗುತ್ತಿತ್ತು. ಸಂಸ್ಕೃತದ ಒಗ್ಗರಣೆಯಿಲ್ಲದೆ ಶಾಸ್ತ್ರ ರುಚಿಸದಾದ್ದರಿಂದ ಈ ಭಯವನ್ನು ನಿಶ್ಛಿದ್ರಭೀತಿ ಎನ್ನೋಣ.

ಮೊದಲ ಪ್ರಮಾಣ ದೋಸೆ. ನೀರುದೋಸೆಯ ಹಿಟ್ಟು ಮಜ್ಜಿಗೆಯಷ್ಟು ತೆಳ್ಳಗಿರಬೇಕು, ಕಾವಲಿ ಚೆನ್ನಾಗಿ ಕಾದಿರಬೇಕು. ಹೊಯ್ದೊಡನೆ ಚುಂಯ್ ಎಂದು ನೀರು ಆವಿಯಾಗಿ ನುಗ್ಗಿ ಮೈತುಂಬ ಜಾಲರಿ ತೆರೆಯುತ್ತದೆ. ಸೆಟ್ ದೋಸೆಯಲ್ಲಿ ಇದೇ ಕೆಲಸವನ್ನು ಹುದುಗಿದ ಹಿಟ್ಟಿನ ಗಾಳಿಗುಳ್ಳೆಗಳು ಮಾಡುತ್ತವೆ. ತೂತು ಬಾರದಿದ್ದರೆ? ಹಿಟ್ಟು ಹುದುಗಿಲ್ಲ, ಕಾವಲಿ ಕಾದಿಲ್ಲ, ಭಟ್ಟರು ಹೊಸಬರು. ನುಣ್ಣನೆಯ ಸೆಟ್ ದೋಸೆ ಮುಂದೆ ಬಂದಾಗ ಗಿರಾಕಿಯ ಹುಬ್ಬು ಎಷ್ಟು ಮೇಲೇರುತ್ತದೆಂದು ಎಸೆಕ್ಸ್‌ನಲ್ಲಿ ಯಾರೂ ಅಳೆದಂತಿಲ್ಲ. ಎಲ್ಲರ ಮನೆ ದೋಸೆಯೂ ತೂತೇ ಎಂಬ ಗಾದೆಯನ್ನು ಸಂಸಾರದ ಹುಳುಕಿನ ಮಾತೆಂದು ಓದುತ್ತ ಬಂದದ್ದು ನಮ್ಮ ಜಾಣತನ. ಮೂಲದಲ್ಲಿ ಅದು ಊರಿನ ಅಡುಗೆಮನೆಗಳಿಗೆಲ್ಲ ಒಟ್ಟಿಗೆ ಕೊಟ್ಟ ಶಿಫಾರಸು ಪತ್ರ. ಇದು ಉಡುಪಿ ಕಡೆಯವರ ಪಕ್ಷಪಾತ ಎನ್ನುವವರು ಚೆಂಬೂರಿನ ಸಿಂಧಿಗಳನ್ನು ಕೇಳಲಿ. ಯಾವ ತಾವರೆ ಎಸೆಕ್ಸನ್ನು ನಡುಗಿಸಿತೋ ಅದರದೇ ಗಡ್ಡೆಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ತೂತೆಷ್ಟೆಂದು ಎಣಿಸುವ ಗೋಜಿಗೆ ಹೋಗದೆ ಅವರು ಕರಿದು ತಿನ್ನುತ್ತಾರೆ.

ಪೂರ್ವಪಕ್ಷದವರು ಸುಮ್ಮನಿರುವುದಿಲ್ಲ: ತಿನ್ನುವ ತೂತು ಬೇರೆ, ಬೀಳುವ ತೂತು ಬೇರೆ, ಮಳೆಗಾಲದ ಖಡ್ಡಗಳಿಗೆ, ಅಂದರೆ ರಸ್ತೆಗುಂಡಿಗಳಿಗೆ, ಮುಂಬಯಿ ಹೆದರುವುದಿಲ್ಲವೇ? ಖಡ್ಡಕ್ಕೂ ದೋಸೆಗೂ ಹುಟ್ಟಿನಲ್ಲಿ ಹತ್ತಿರದ ನಂಟಿದೆ. ಡಾಂಬರಿನ ಬಿರುಕಿನಲ್ಲಿ ನೀರಿಳಿದು ಒಳಗಿನ ಜಲ್ಲಿಯನ್ನು ಸಡಿಲಿಸುತ್ತದೆ, ಮೇಲಿಂದ ಬೆಸ್ಟ್ ಬಸ್ಸು ತಟ್ಟುತ್ತದೆ, ತೂತು ಬೀಳುತ್ತದೆ. ದೋಸೆಯ ಜೊತೆಗೆ ಕಾವಲಿಯೂ ತೂತು, ಅಷ್ಟೇ ವ್ಯತ್ಯಾಸ. ಖಡ್ಡ ದೊಡ್ಡದು, ಸಣ್ಣ ತೂತಿನ ಶಾಸ್ತ್ರಕ್ಕೆ ಸೇರದು ಎನ್ನುವವರು ಒಮ್ಮೆ ಮೇಲ್ಸೇತುವೆ ಹತ್ತಿ ಕೆಳಗೆ ನೋಡಿದರೆ ಸಾಕು. ಕಂಡ ಖಡ್ಡಕ್ಕೆ ರಿಕ್ಷಾದವನು ಹೆದರುವುದಿಲ್ಲ, ಬೈದು ಹ್ಯಾಂಡಲ್ ತಿರುಗಿಸುತ್ತಾನೆ. ಅವನು ಬೆವರುವುದು ನೀರು ತುಂಬಿ ರಸ್ತೆ ಕನ್ನಡಿಯಂತೆ ಹೊಳೆದಾಗ. ಹೊಸದಾಗಿ ಕಾಂಕ್ರೀಟು ಹಾಕಿದ ರಸ್ತೆಯಂತೂ ಇನ್ನೂ ದಿಗಿಲಿನದು. ಅಗೆಯಲು ಕೇಬಲ್ಲಿನವರು ಬರುತ್ತಾರೋ, ಪೈಪಿನವರೋ, ಕಾಯುತ್ತ ಕೂರಬೇಕು.

ಟ್ರೈಪೋಫೋಬಿಯಾ ಎಂಬ ಪದ ಹುಟ್ಟಿತೆನ್ನುವ ಅದೇ 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. ತಗ್ಗಿನ ಬಡಾವಣೆಗಳಲ್ಲಿ ಖಡ್ಡ, ಗಟಾರ, ಮ್ಯಾನ್‌ಹೋಲು ಎಲ್ಲ ಮರೆಯಾಗಿ ಒಂದೇ ಸಮನೆಯ ನೀರು. ಜನ ಕೈ ಕೈ ಹಿಡಿದು, ಕಾಲಿನಿಂದ ತೂತು ತಡವುತ್ತ ಮನೆಯ ಕಡೆಗೆ ನಡೆದರು. ಈಗಲೂ ಮಳೆನೀರು ನಿಂತಲ್ಲಿ ಯಾರೋ ಒಬ್ಬರು ಮರದ ಕೊಂಬೆ ಮುರಿದು ತಂದು ಬಾಯ್ದೆರೆದ ಮ್ಯಾನ್‌ಹೋಲಿಗೆ ನೆಟ್ಟಿರುತ್ತಾರೆ. ನಡುರಸ್ತೆಯಲ್ಲಿ ಹಸಿರೆಲೆ ಅಲ್ಲಾಡುತ್ತಿರುತ್ತದೆ. ಅದನ್ನು ಕಂಡವರು ಪ್ಯಾಂಟು ಮಡಚಿ, ಚಪ್ಪಲಿ ಕೈಗೆತ್ತಿಕೊಂಡು, ಧೈರ್ಯವಾಗಿ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ.